ಹನಿ ರಕ್ತದಲ್ಲಿ ಕ್ಯಾನ್ಸರ್ ಪ್ರೋಟೀನ್: ಆಪ್ಟಾಮರ್ ಪಟ್ಟಿ ಅಳೆಯುವುದೇನನ್ನು, ಎಡವುವುದೆಲ್ಲಿ

‘ಒಂದು ಹನಿ ರಕ್ತ ಸಾಕು, ಹತ್ತೇ ನಿಮಿಷದಲ್ಲಿ ಕ್ಯಾನ್ಸರ್ ಪತ್ತೆ’ ಎಂಬಂಥ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯವರು ಅದನ್ನು ಓದಿ ಸುಮ್ಮನಾಗುವುದಿಲ್ಲ. ದೊಡ್ಡ ಪರೀಕ್ಷೆ ಎಂದರೆ ಇಲ್ಲಿಯವರಿಗೆ ರಾಜ್ಯದ ಗಡಿಯ ತಲಪಾಡಿ ದಾಟಿ ಮಂಗಳೂರು, ಇಲ್ಲವೇ ತೆಂಕಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದವರ ಪಾಡು ಏನಾಯಿತೆಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಆರೋಗ್ಯ ಕೇಂದ್ರದಲ್ಲೇ ಇಂಥ ಪರೀಕ್ಷೆ ಆಗುವುದಾದರೆ ಯಾರಿಗೆ ಬೇಡ?

ಈ ಸುದ್ದಿಗಳ ಹಿಂದೆ ನಿಜವಾದ ವಿಜ್ಞಾನವೇ ಇದೆ. ಅದರಲ್ಲಿ ಬಹಳ ಕೆಲಸ ನಡೆದಿರುವ ಒಂದು ದಾರಿ ಎಂದರೆ ಆಪ್ಟಾಮರ್ ಬಳಸುವ ಎಲೆಕ್ಟ್ರೋಕೆಮಿಕಲ್ ಬಯೋಸೆನ್ಸರ್. ಹೆಸರು ಉದ್ದವಾದರೂ ಒಳಗಿರುವುದು ಎರಡೇ ಭಾಗ: ಬೇಕಾದ ಪ್ರೋಟೀನನ್ನು ಹಿಡಿಯುವ ಡಿಎನ್‌ಎ ಎಳೆ ಒಂದು, ಹಿಡಿದದ್ದನ್ನು ವಿದ್ಯುತ್ ಸಂಕೇತವಾಗಿ ತೋರಿಸುವ ಲೋಹದ ತುಂಡು ಇನ್ನೊಂದು. ಎರಡನ್ನೂ ಸಣ್ಣ ಪಟ್ಟಿಯೊಂದರ (ಸ್ಟ್ರಿಪ್) ಮೇಲೆ ಕೂರಿಸಿರುತ್ತಾರೆ. ಪ್ರಯೋಗಾಲಯದಲ್ಲಿ ಇದು ಕೆಲಸ ಮಾಡುತ್ತದೆ. ತೊಡಕು ಶುರುವಾಗುವುದು ಪಟ್ಟಿಯ ಮೇಲೆ ನಿಜವಾದ ರಕ್ತ ಬಿದ್ದಾಗ.

ಅಳೆಯುವುದು ಪ್ರೋಟೀನನ್ನು

ಕೆಲವು ಗೆಡ್ಡೆಗಳು ಬೆಳೆಯುವಾಗ ಕೆಲವು ಪ್ರೋಟೀನ್‌ಗಳು ರಕ್ತದಲ್ಲಿ ಹೆಚ್ಚಾಗುತ್ತವೆ. ವೈದ್ಯರು ಇವುಗಳನ್ನು ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ಪ್ರಾಸ್ಟೇಟ್ ಗ್ರಂಥಿಗೆ ಪಿಎಸ್‌ಎ, ಅಂಡಾಶಯಕ್ಕೆ ಸಿಎ-125, ಯಕೃತ್ತಿಗೆ ಎಎಫ್‌ಪಿ, ದೊಡ್ಡ ಕರುಳಿಗೆ ಸಿಇಎ. ಲ್ಯಾಬ್ ರಿಪೋರ್ಟಿನಲ್ಲಿ ಇವುಗಳ ಎದುರು ಒಂದು ಗಡಿ ಅಂಕಿ ಇರುತ್ತದೆ. ಪಿಎಸ್‌ಎಗೆ ವಾಡಿಕೆಯಲ್ಲಿರುವುದು ಮಿಲಿಲೀಟರಿಗೆ 4 ನ್ಯಾನೋಗ್ರಾಂ, ಸಿಎ-125ಕ್ಕೆ 35 ಯೂನಿಟ್.

ಈ ಪ್ರೋಟೀನ್‌ಗಳು ಆರೋಗ್ಯವಂತರ ರಕ್ತದಲ್ಲೂ ಇರುತ್ತವೆ. ವಯಸ್ಸಾದವರಲ್ಲಿ ಪ್ರಾಸ್ಟೇಟ್ ಸುಮ್ಮನೆ ಊದಿಕೊಂಡರೂ, ಮೂತ್ರದ ಸೋಂಕು ತಗುಲಿದರೂ ಪಿಎಸ್‌ಎ ಏರುತ್ತದೆ. ಸಿಎ-125 ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಹೊಟ್ಟೆಯ ಕ್ಷಯರೋಗದಲ್ಲಿ ಏರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಸಿಇಎ ಸ್ವಲ್ಪ ಮೇಲೆಯೇ ಇರುತ್ತದೆ. ಆದ್ದರಿಂದ ಎಷ್ಟೇ ಚೆನ್ನಾದ ಸೆನ್ಸರ್ ಆದರೂ ಅದು ಕೊಡುವುದು ಪ್ರೋಟೀನಿನ ಪ್ರಮಾಣವನ್ನು. ಅದು ಕ್ಯಾನ್ಸರೇ ಎಂದು ತೀರ್ಮಾನಿಸಲು ಸ್ಕ್ಯಾನ್ ಬೇಕು, ಕೊನೆಗೆ ಗೆಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿ ಬೇಕು.

ಅಡಿಕೆ ಬೆಳೆಯುವ ನಾಡಾದ್ದರಿಂದ ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆ ಅಗಿಯುವುದನ್ನು ಕ್ಯಾನ್ಸರ್ ತರಿಸುವಂಥದ್ದೆಂದು ವರ್ಗೀಕರಿಸಿದೆ. ಆ ಬಾಯಿಯ ಕ್ಯಾನ್ಸರನ್ನು ಮೇಲೆ ಹೇಳಿದ ಯಾವ ರಕ್ತಪರೀಕ್ಷೆಯೂ ಹಿಡಿಯುವುದಿಲ್ಲ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇದ್ದರೆ ಟಾರ್ಚ್ ಹಿಡಿದು ಬಾಯಿ ನೋಡುವ ವೈದ್ಯರ ಬಳಿಗೇ ಹೋಗಬೇಕು.

ಗ್ಲೂಕೋಮೀಟರಿನಷ್ಟು ಸುಲಭವಾಗದ್ದು ಏಕೆ?

ಸಕ್ಕರೆ ಕಾಯಿಲೆಯವರ ಮನೆಯಲ್ಲಿರುವ ಗ್ಲೂಕೋಮೀಟರೂ ಎಲೆಕ್ಟ್ರೋಕೆಮಿಕಲ್ ಬಯೋಸೆನ್ಸರೇ. ಪಟ್ಟಿಯ ಮೇಲಿನ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಆ ಎಲೆಕ್ಟ್ರಾನ್‌ಗಳು ಎಲೆಕ್ಟ್ರೋಡಿಗೆ, ಅಂದರೆ ವಿದ್ಯುತ್ ಸಾಗಿಸುವ ತುಂಡಿಗೆ, ಹರಿಯುತ್ತವೆ, ಪ್ರವಾಹವನ್ನು ಯಂತ್ರ ಅಂಕಿಯಾಗಿ ತೋರಿಸುತ್ತದೆ. ಹಾಗಾದರೆ ಕಿಣ್ವದ ಜಾಗದಲ್ಲಿ ಬೇರೇನಾದರೂ ಇಟ್ಟು ಪಿಎಸ್‌ಎ ಅಳೆಯಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ.

ಅಡ್ಡಿ ಇರುವುದು ಪ್ರಮಾಣದಲ್ಲಿ. ಡೆಸಿಲೀಟರಿಗೆ 100 ಮಿಲಿಗ್ರಾಂ ಸಕ್ಕರೆ ಎಂದರೆ ಮಿಲಿಲೀಟರಿಗೆ 10 ಲಕ್ಷ ನ್ಯಾನೋಗ್ರಾಂ. ಪಿಎಸ್‌ಎ ಅಲ್ಲಿ ಬರೇ 4. ಪ್ರೋಟೀನಿನ ಅಣು ಗ್ಲೂಕೋಸಿಗಿಂತ ಬಹಳ ದೊಡ್ಡದಾದ್ದರಿಂದ, ಅಣುಗಳ ಲೆಕ್ಕ ಹಾಕಿದರೆ ಒಂದು ಪಿಎಸ್‌ಎಗೆ ಸುಮಾರು ನಾಲ್ಕು ಕೋಟಿ ಗ್ಲೂಕೋಸ್. ಸಾಲದ್ದಕ್ಕೆ ಗ್ಲೂಕೋಸ್ ಕಿಣ್ವದ ಮೇಲೆ ಒಂದರ ಹಿಂದೆ ಒಂದು ಬಂದು ಎಲೆಕ್ಟ್ರಾನ್ ಕೊಟ್ಟು ಹೋಗುತ್ತಲೇ ಇರುತ್ತದೆ. ಪ್ರೋಟೀನ್ ಹಾಗಲ್ಲ, ಬಂದು ಅಂಟಿ ಕೂರುತ್ತದೆ, ತಾನಾಗಿ ಏನನ್ನೂ ಕೊಡುವುದಿಲ್ಲ. ಕೂತಿದೆ ಎಂಬುದನ್ನು ನಾವೇ ಬೇರೆ ಉಪಾಯದಿಂದ ಕಂಡುಕೊಳ್ಳಬೇಕು.

ಇವತ್ತು ದೊಡ್ಡ ಲ್ಯಾಬುಗಳಲ್ಲಿ ಈ ಕೆಲಸ ಮಾಡುವುದು ಪ್ರತಿಕಾಯಗಳು, ಅಂದರೆ ಜೀವಕೋಶಗಳಲ್ಲಿ ತಯಾರಾಗುವ ಆಂಟಿಬಾಡಿಗಳು. ಅವು ಚೆನ್ನಾಗಿಯೇ ಹಿಡಿಯುತ್ತವೆ. ಆದರೆ 2ರಿಂದ 8 ಡಿಗ್ರಿಯ ತಂಪು ಬೇಕು, ಒಮ್ಮೆ ಬಿಸಿಗೆ ಕೆಟ್ಟರೆ ಮತ್ತೆ ಸರಿಯಾಗುವುದಿಲ್ಲ, ಒಂದು ಕಂತಿಗೂ ಇನ್ನೊಂದಕ್ಕೂ ಗುಣದಲ್ಲಿ ವ್ಯತ್ಯಾಸ ಬರಬಹುದು. ಆಪ್ಟಾಮರ್ ಕಡೆ ಒಲವು ಬಂದದ್ದು ಇದರಿಂದ.

ಆಪ್ಟಾಮರ್ ಎಂಬ ಡಿಎನ್‌ಎ ಎಳೆ

ಸಾಮಾನ್ಯವಾಗಿ 20ರಿಂದ 80 ಅಕ್ಷರಗಳಷ್ಟು (ಅಕ್ಷರ ಎಂದರೆ ಎಳೆಯನ್ನು ಕಟ್ಟುವ ಬೇಸ್ ಎಂಬ ಘಟಕ) ಉದ್ದದ ಒಂಟಿ ಡಿಎನ್‌ಎ ಅಥವಾ ಆರ್‌ಎನ್‌ಎ ಎಳೆ ಇದು. ಜೋಡಿ ಎಳೆ ಇಲ್ಲದ್ದರಿಂದ ತನ್ನ ಮೇಲೇ ಮಡಚಿಕೊಂಡು ಒಂದು ನಿರ್ದಿಷ್ಟ ಆಕಾರ ಪಡೆಯುತ್ತದೆ. ಆ ಆಕಾರದ ತಗ್ಗು ದಿಣ್ಣೆಗೆ ಸರಿಯಾಗಿ ಹೊಂದುವ ಪ್ರೋಟೀನ್ ಸಿಕ್ಕರೆ ಹಿಡಿದುಕೊಳ್ಳುತ್ತದೆ. ಇದರಲ್ಲಿ ವಂಶವಾಹಿ ಮಾಹಿತಿ ಏನೂ ಇಲ್ಲ, ಕೆಲಸ ಮಾಡುವುದು ಆಕಾರ ಮತ್ತು ವಿದ್ಯುದಾವೇಶ. ಯಂತ್ರದಲ್ಲಿ ರಾಸಾಯನಿಕವಾಗಿ ತಯಾರಿಸಬಹುದು, ಒಣಗಿಸಿ ಇಡಬಹುದು, ಬಿಸಿ ಮಾಡಿ ಬಿಡಿಸಿದರೂ ತಣ್ಣಗಾದಾಗ ಮತ್ತೆ ಮಡಚಿಕೊಳ್ಳುತ್ತದೆ.

ಇದನ್ನು ಯಾರೂ ಕಾಗದದ ಮೇಲೆ ವಿನ್ಯಾಸ ಮಾಡಿ ಬರೆದದ್ದಲ್ಲ, ಆರಿಸಿ ತೆಗೆದದ್ದು. 1990ರಲ್ಲಿ ಅಮೆರಿಕದ ಎರಡು ತಂಡಗಳು, ಕ್ರೇಗ್ ಟ್ಯೂರ್ಕ್ ಮತ್ತು ಲ್ಯಾರಿ ಗೋಲ್ಡ್ ಅವರದೊಂದು, ಆಂಡ್ರ್ಯೂ ಎಲಿಂಗ್ಟನ್ ಮತ್ತು ಜ್ಯಾಕ್ ಶೋಸ್ಟಾಕ್ ಅವರದಿನ್ನೊಂದು, ಬೇರೆ ಬೇರೆಯಾಗಿ ಇದರ ವಿಧಾನ ಕಂಡುಕೊಂಡವು. ಸೆಲೆಕ್ಸ್ ಎಂದು ಅದಕ್ಕೆ ಹೆಸರು. ಒಳ್ಳೆಯ ಇಳುವರಿಯ ತಾಯಿಮರದಿಂದ ಬಿತ್ತನೆಗೆ ಅಡಿಕೆ ತೆಗೆದು, ಸಸಿ ಮಾಡಿ, ಸೊರಗಿದ್ದನ್ನು ಕಿತ್ತು, ಉಳಿದದ್ದು ಮರವಾದ ಮೇಲೆ ಮತ್ತೆ ಅದರಲ್ಲಿ ಚೆನ್ನಾದ್ದನ್ನೇ ತಾಯಿಮರವಾಗಿ ಗುರುತಿಸುವ ಕ್ರಮ ಇದೆಯಲ್ಲ, ಇದೂ ಅದೇ ದಾರಿ. ವ್ಯತ್ಯಾಸವೆಂದರೆ ತೋಟದಲ್ಲಿ ಒಂದು ಸುತ್ತಿಗೆ ವರ್ಷಗಳು, ಇಲ್ಲಿ ಒಂದೆರಡು ದಿನ.

ಮೊದಲು ಅಡ್ಡಾದಿಡ್ಡಿ ಅಕ್ಷರಗಳಿರುವ ಎಳೆಗಳ ರಾಶಿ ತಯಾರಾಗುತ್ತದೆ. ಒಂದು ಕೊಳವೆಯಲ್ಲಿ ಒಂದರಿಂದ ಹತ್ತು ಕೋಟಿ ಕೋಟಿ ಎಳೆಗಳಿರುತ್ತವೆ. ಅದನ್ನು ಪಿಎಸ್‌ಎ ಅಂಟಿಸಿದ ಮಣಿಗಳ ಜೊತೆ ಕಲಸಿ, ಅಂಟದವನ್ನು ತೊಳೆದು ಹಾಕಿ, ಅಂಟಿದವನ್ನು ಬಿಡಿಸಿ, ಎಳೆಗಳನ್ನು ನಕಲು ಮಾಡುವ ಪಿಸಿಆರ್‌ನಲ್ಲಿ ಹೆಚ್ಚಿಸುತ್ತಾರೆ. ಹೀಗೆ ಎಂಟರಿಂದ ಹದಿನೈದು ಸುತ್ತು. ನಡುನಡುವೆ ಖಾಲಿ ಮಣಿಗಳ ಮೇಲೂ, ರಕ್ತದಲ್ಲಿ ಧಾರಾಳವಾಗಿರುವ ಆಲ್ಬುಮಿನ್ ಮೇಲೂ ಹಾಯಿಸಿ ಅಲ್ಲಿ ಅಂಟುವವನ್ನು ಕೈಬಿಡಬೇಕು. ಈ ಹಂತವನ್ನು ಹಾರಿಸಿದರೆ ಕೊನೆಗೆ ಉಳಿಯುವುದು ಮಣಿಗೇ ಅಂಟುವ ಜಾತಿ. ಪ್ರಕಟವಾದ ಆಪ್ಟಾಮರ್‌ಗಳಲ್ಲಿ ಕೆಲವು ಬೇರೆ ಪ್ರಯೋಗಾಲಯದ ಪರೀಕ್ಷೆಯಲ್ಲಿ ಹೇಳಿದ ಗುರಿಗೆ ಅಂಟದೆ ಹೋದದ್ದೂ ಇದೆ. ಆದ್ದರಿಂದ ಕೆಲಸ ಬಲ್ಲವರು ಸೆನ್ಸರ್ ಕಟ್ಟುವ ಮೊದಲು ಆಪ್ಟಾಮರನ್ನು ತಾವೇ ಒಮ್ಮೆ ಒರೆಗೆ ಹಚ್ಚುತ್ತಾರೆ.

ಚಿನ್ನದ ಮೇಲೆ ಎಳೆ ನೆಡುವುದು

ಪಟ್ಟಿಯಲ್ಲಿ ಮೂರು ಎಲೆಕ್ಟ್ರೋಡ್‌ಗಳಿರುತ್ತವೆ. ಆಪ್ಟಾಮರ್ ಕೂರುವುದು ಚಿನ್ನದಿಂದ ಮಾಡಿದ ಕೆಲಸದ ಎಲೆಕ್ಟ್ರೋಡಿನ ಮೇಲೆ. ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ಅಳೆಯಬೇಕೋ ಅದು ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡಿನ ಆಧಾರ ಎಲೆಕ್ಟ್ರೋಡ್. ಪ್ರವಾಹದ ದಾರಿ ಪೂರ್ತಿ ಮಾಡಲು ಮೂರನೆಯದು. ವೋಲ್ಟೇಜ್ ಕೊಟ್ಟು ಪ್ರವಾಹ ಅಳೆಯುವ ಯಂತ್ರಕ್ಕೆ ಪೊಟೆನ್ಷಿಯೋಸ್ಟಾಟ್ ಎಂದು ಹೆಸರು. ಮೇಜಿನ ಮೇಲಿಡುವ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ, ಜೇಬಿನಲ್ಲಿ ಹಿಡಿಯುವಂಥದ್ದೂ ಈಗ ಇದೆ.

ಚಿನ್ನ ಏಕೆ? ಗಂಧಕ ಚಿನ್ನಕ್ಕೆ ಬಿಗಿಯಾಗಿ ಅಂಟುತ್ತದೆ ಎಂಬುದಕ್ಕೆ. ಆಪ್ಟಾಮರಿನ ಒಂದು ತುದಿಗೆ ಥಯೋಲ್ ಎಂಬ ಗಂಧಕದ ಗುಂಪನ್ನು ಸೇರಿಸಿಯೇ ತರಿಸುತ್ತಾರೆ. ಪ್ರಯೋಗಾಲಯದ ಗಟ್ಟಿ ಚಿನ್ನದ ಎಲೆಕ್ಟ್ರೋಡಿನಲ್ಲಿ ಮಾಡುವ ಕ್ರಮ ಹೆಚ್ಚುಕಡಿಮೆ ಹೀಗೆ. ಚಿನ್ನದ ಮೈಯನ್ನು 1, 0.3, 0.05 ಮೈಕ್ರಾನ್ ಅಲ್ಯುಮಿನಾ ಪುಡಿಯಲ್ಲಿ ಒಂದರ ನಂತರ ಒಂದರಂತೆ ಉಜ್ಜಿ, ಅರ್ಧ ಮೋಲಾರ್ (ಲೀಟರಿನಲ್ಲಿರುವ ಅಣುಗಳ ಲೆಕ್ಕದಲ್ಲಿ ಸಾಂದ್ರತೆ ಹೇಳುವ ಅಳತೆ) ಗಂಧಕಾಮ್ಲದಲ್ಲಿ ವೋಲ್ಟೇಜನ್ನು ಏರಿಸಿ ಇಳಿಸಿ ಶುಚಿ ಮಾಡಬೇಕು. ಸುಮಾರು 0.9 ವೋಲ್ಟ್ ಬಳಿ ಚಿನ್ನದ ಆಕ್ಸೈಡಿನ ಚೂಪಾದ ಇಳಿಮುಖ ಗೆರೆ ಪ್ರತಿ ಸುತ್ತಿನಲ್ಲೂ ಒಂದೇ ಥರ ಬಂದರೆ ಮೈ ಶುಚಿಯಾಗಿದೆ ಎಂದರ್ಥ. ಗೆರೆ ಮೊಂಡಾಗಿದ್ದರೆ ಅಲ್ಲಿಗೇ ನಿಂತು ಮತ್ತೆ ಉಜ್ಜಬೇಕು. ಮುಂದೆ ಬರುವ ಅರ್ಧದಷ್ಟು ತಾಪತ್ರಯಗಳಿಗೆ ಈ ಒಂದು ಹಂತದ ಸೋಮಾರಿತನ ಕಾರಣ.

ಥಯೋಲ್ ತುದಿಗಳು ಡಬ್ಬಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಬಂದಿರುತ್ತವೆ. ಟಿಸೆಪ್ ಎಂಬ ರಾಸಾಯನಿಕದಲ್ಲಿ ಒಂದು ಗಂಟೆ ಇಟ್ಟು ಅವನ್ನು ಬಿಡಿಸಬೇಕು. ಆಮೇಲೆ ಎಳೆಯನ್ನು 95 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿ ನಿಧಾನಕ್ಕೆ ಆರಿಸಿದರೆ ಸರಿಯಾದ ಮಡಿಕೆ ಬರುತ್ತದೆ. ದ್ರಾವಣದಲ್ಲಿ ಮೆಗ್ನೀಸಿಯಂ ಇರಬೇಕು, ಅನೇಕ ಆಪ್ಟಾಮರ್‌ಗಳ ಆಕಾರ ನಿಲ್ಲುವುದು ಅದರ ಆಸರೆಯಲ್ಲಿ. 1 ಮೈಕ್ರೋಮೋಲಾರ್ ದ್ರಾವಣದ ಹನಿಯನ್ನು ಚಿನ್ನದ ಮೇಲಿಟ್ಟು, ಆರದಂತೆ ಮುಚ್ಚಿ ಒಂದು ರಾತ್ರಿ 4 ಡಿಗ್ರಿಯಲ್ಲಿ ಬಿಡುತ್ತಾರೆ. ಮಾರನೆಯ ದಿನ ತೊಳೆದು, 1 ಮಿಲಿಮೋಲಾರ್ ಮರ್ಕ್ಯಾಪ್ಟೋಹೆಕ್ಸನಾಲಿನಲ್ಲಿ ಒಂದು ಗಂಟೆ. ಈ ಗಿಡ್ಡ ಅಣು ಎಳೆಗಳ ನಡುವಿನ ಖಾಲಿ ಚಿನ್ನವನ್ನು ಮುಚ್ಚುತ್ತದೆ, ಅಡ್ಡ ಮಲಗಿದ ಎಳೆಗಳನ್ನು ಎಬ್ಬಿಸಿ ನಿಲ್ಲಿಸುತ್ತದೆ. ಸಾಂದ್ರತೆಯೋ ಸಮಯವೋ ಅತಿಯಾದರೆ ಎಳೆಗಳನ್ನೇ ಕಿತ್ತು ಹಾಕುತ್ತದೆ.

ಎಳೆಗಳನ್ನು ಒತ್ತೊತ್ತಾಗಿ ನೆಟ್ಟರೆ ಹೆಚ್ಚು ಪ್ರೋಟೀನ್ ಸಿಗುತ್ತದೆಂದು ಹೊಸಬರು ಭಾವಿಸುತ್ತಾರೆ. ಆಗುವುದು ತದ್ವಿರುದ್ಧ. ಡಿಎನ್‌ಎ ಎಳೆಗಳೆಲ್ಲ ಋಣ ಆವೇಶದವು, ಒತ್ತೊತ್ತಾದರೆ ಮಡಚಿಕೊಳ್ಳಲು ಜಾಗವಿಲ್ಲ, ಪ್ರೋಟೀನಿಗೆ ಒಳಗೆ ಬರಲು ದಾರಿಯಿಲ್ಲ.

ಹಿಡಿದದ್ದು ಗೊತ್ತಾಗುವುದು ಹೇಗೆ?

ಒಂದು ವಿಧಾನದಲ್ಲಿ ದ್ರಾವಣಕ್ಕೆ 5 ಮಿಲಿಮೋಲಾರ್ ಫೆರಿ ಮತ್ತು ಫೆರೋಸಯನೈಡ್ ಹಾಕುತ್ತಾರೆ. ಈ ಅಯಾನುಗಳು ಚಿನ್ನಕ್ಕೆ ಬಂದು ಎಲೆಕ್ಟ್ರಾನ್ ಕೊಟ್ಟು ಪಡೆದು ಹೋಗುತ್ತಿರುತ್ತವೆ. ಆಪ್ಟಾಮರಿಗೆ ಪ್ರೋಟೀನ್ ಬಂದು ಅಂಟಿದರೆ ದಾರಿ ಇಕ್ಕಟ್ಟಾಗುತ್ತದೆ, ತಡೆ ಏರುತ್ತದೆ. ಸುಮಾರು 10 ಮಿಲಿವೋಲ್ಟಿನ ಸಣ್ಣ ಏರಿಳಿತ ಕೊಟ್ಟು ಈ ತಡೆಯನ್ನು ಅಳೆಯುವುದೇ ಇಂಪೀಡೆನ್ಸ್ ವಿಧಾನ. ನಕ್ಷೆಯಲ್ಲಿ ಅರ್ಧಚಂದ್ರದ ಆಕಾರದ ಗೆರೆ ಬರುತ್ತದೆ, ಅದು ದೊಡ್ಡದಾದಷ್ಟೂ ತಡೆ ಹೆಚ್ಚು. ಸುಲಭ ಮತ್ತು ಅಗ್ಗ. ದೋಷವೇನೆಂದರೆ ಅಂಟಿದ್ದು ಪಿಎಸ್‌ಎಯೋ ಬೇರೇನೋ ಎಂಬುದು ಅದಕ್ಕೆ ಗೊತ್ತಿಲ್ಲ. ಏನು ಕೂತರೂ ತಡೆ ಏರುತ್ತದೆ.

ಇನ್ನೊಂದು ವಿಧಾನ ಹೆಚ್ಚು ಜಾಣತನದ್ದು. ಎಳೆಯ ಮೇಲ್ತುದಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಅಣುವನ್ನು ಕಟ್ಟಿರುತ್ತಾರೆ. ಅದು ಚಿನ್ನದ ಹತ್ತಿರವಿದ್ದರೆ ಎಲೆಕ್ಟ್ರಾನ್ ಬೇಗ ದಾಟುತ್ತದೆ, ದೂರವಿದ್ದರೆ ನಿಧಾನ. ಪ್ರೋಟೀನನ್ನು ಹಿಡಿದ ಕ್ಷಣ ಎಳೆಯ ಮಡಿಕೆ ಬದಲಾಗಿ ನೀಲಿ ತುದಿ ಹತ್ತಿರಕ್ಕೋ ದೂರಕ್ಕೋ ಸರಿಯುತ್ತದೆ, ಪ್ರವಾಹ ಏರುತ್ತದೆ ಅಥವಾ ಇಳಿಯುತ್ತದೆ. ಪಕ್ಕದಲ್ಲಿ ಸುಮ್ಮನೆ ಬಂದು ಕೂತ ಪ್ರೋಟೀನಿನಿಂದ ಇಂಥ ಆಕಾರ ಬದಲಾವಣೆ ಆಗುವುದು ಕಡಿಮೆ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. 50 ಮೈಕ್ರೋಲೀಟರ್ ಹನಿಯಲ್ಲಿ, ಮಿಲಿಲೀಟರಿಗೆ 4 ನ್ಯಾನೋಗ್ರಾಂ ಪಿಎಸ್‌ಎ ಇದ್ದರೆ, ಸುಮಾರು 400 ಕೋಟಿ ಅಣುಗಳಿರುತ್ತವೆ. ದೊಡ್ಡ ಸಂಖ್ಯೆಯೇ. ಆದರೆ ಸಾಂದ್ರತೆಯಾಗಿ ಅದು 0.13 ನ್ಯಾನೋಮೋಲಾರ್ ಮಾತ್ರ. ಆಪ್ಟಾಮರಿನ ಹಿಡಿತ 10 ನ್ಯಾನೋಮೋಲಾರ್ ಮಟ್ಟದ್ದಾದರೆ, ಅಂದರೆ ಅಷ್ಟು ಪ್ರೋಟೀನ್ ಇದ್ದಾಗ ಅರ್ಧದಷ್ಟು ಎಳೆಗಳು ತುಂಬುವಂಥದ್ದಾದರೆ, ಎಷ್ಟು ಹೊತ್ತು ಬಿಟ್ಟರೂ ನೂರು ಎಳೆಗಳಲ್ಲಿ ಒಂದಕ್ಕಷ್ಟೇ ಪ್ರೋಟೀನ್ ಸಿಕ್ಕಿರುತ್ತದೆ. ಅಂದರೆ ಸಂಕೇತದ ಬದಲಾವಣೆಯೂ ನೂರಕ್ಕೆ ಒಂದರ ಆಸುಪಾಸು. ಪಟ್ಟಿಯಿಂದ ಪಟ್ಟಿಗೆ ಇರುವ ಸಹಜ ವ್ಯತ್ಯಾಸವೇ ಅದಕ್ಕಿಂತ ಹೆಚ್ಚಿರಬಹುದು. ಚಿನ್ನದ ನ್ಯಾನೋಕಣ, ಗ್ರಾಫೀನ್ ಎಂಬ ಅತಿ ತೆಳು ಇಂಗಾಲದ ಹಾಳೆ, ಕಿಣ್ವ ಕಟ್ಟಿದ ಎರಡನೇ ಆಪ್ಟಾಮರ್ ಇವುಗಳನ್ನೆಲ್ಲ ಸೇರಿಸುವುದು ಆ ಸಣ್ಣ ಬದಲಾವಣೆಯನ್ನು ದೊಡ್ಡದು ಮಾಡಲಿಕ್ಕೆ. ಒಂದೊಂದು ಪದರ ಹೆಚ್ಚಿದಂತೆ ಒಂದೇ ಥರದ ಪಟ್ಟಿಗಳನ್ನು ಸಾವಿರಗಟ್ಟಲೆ ಮಾಡುವುದು ಕಷ್ಟವಾಗುತ್ತದೆ ಎಂಬುದನ್ನು ಸುದ್ದಿಗಳು ಹೇಳುವುದಿಲ್ಲ.

ರಕ್ತ ಬಿದ್ದಾಗ

ಶುದ್ಧ ಉಪ್ಪು ದ್ರಾವಣದಲ್ಲಿ ಪಿಎಸ್‌ಎ ಬೆರೆಸಿ ಅಳೆದರೆ ಗೆರೆ ನೇರವಾಗಿ ಬರುತ್ತದೆ. ಆದರೆ ರಕ್ತದ ಸೀರಂನಲ್ಲಿ, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿಯಲ್ಲಿ, ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂ ಆಲ್ಬುಮಿನ್ ಇರುತ್ತದೆ. ಅದು ಗಡಿ ಮಟ್ಟದ ಪಿಎಸ್‌ಎಯ ಒಂದು ಕೋಟಿ ಪಟ್ಟು. ಈ ಪ್ರೋಟೀನ್‌ಗಳು ನಿಮಿಷಗಳಲ್ಲಿ ಚಿನ್ನದ ಮೈಗೆಲ್ಲ ಮೆತ್ತಿಕೊಳ್ಳುತ್ತವೆ. ಇಂಪೀಡೆನ್ಸ್ ಪಟ್ಟಿಗೆ ಇದೆಲ್ಲ ಪಿಎಸ್‌ಎಯಂತೆಯೇ ಕಾಣುತ್ತದೆ. ಉಪಾಯಗಳಿವೆ: ಸೀರಂ ತೆಳು ಮಾಡುವುದು, ಮೈಗೆ ಪ್ರೋಟೀನ್ ಅಂಟದ ಪಾಲಿಮರ್ ಪದರ ಕೊಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದಲ್ಲೇ ಅಕ್ಷರಗಳನ್ನು ಕಲಸಿ ಕೆಡಿಸಿದ ಎಳೆಯ ಇನ್ನೊಂದು ಎಲೆಕ್ಟ್ರೋಡ್ ಇಟ್ಟು ಅದರ ಅಂಕಿಯನ್ನು ಕಳೆಯುವುದು. ಆ ಎರಡನೇ ಎಲೆಕ್ಟ್ರೋಡ್ ಇಲ್ಲದ ಸಂಶೋಧನೆಯ ಫಲಿತಾಂಶವನ್ನು ಅನುಮಾನದಿಂದಲೇ ನೋಡಬೇಕು.

ರಕ್ತ ಹಿಡಿಯುವ ಟ್ಯೂಬೂ ಎಡವಿಸಬಲ್ಲದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಅದು ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಕಟ್ಟಿಹಾಕುವುದರಿಂದ, ಮೆಗ್ನೀಸಿಯಂ ನೆಚ್ಚಿದ ಆಪ್ಟಾಮರಿನ ಮಡಿಕೆ ಸಡಿಲವಾಗುತ್ತದೆ. ರಕ್ತದಲ್ಲಿ ಪ್ರೋಟೀನ್ ಇದ್ದೂ ಪಟ್ಟಿ ‘ಇಲ್ಲ’ ಎನ್ನಬಹುದು. ಹಸಿರು ಮುಚ್ಚಳದ ಹೆಪಾರಿನ್ ಕೂಡ ಡಿಎನ್‌ಎಯಂತೆ ಋಣ ಆವೇಶದ್ದು, ಅಡ್ಡ ಬರಬಲ್ಲದು. ರಕ್ತದಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವಗಳೂ ಇವೆ. ಆರ್‌ಎನ್‌ಎ ಎಳೆಯಾದರೆ ಬಹಳ ಬೇಗ ಚೂರಾಗುತ್ತದೆ, ಅದನ್ನು ತಡೆಯಲು ಅಕ್ಷರಗಳನ್ನೇ ರಾಸಾಯನಿಕವಾಗಿ ಮಾರ್ಪಡಿಸುತ್ತಾರೆ. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಆಪ್ಟಾಮರ್ ಔಷಧ, ಕಣ್ಣಿನ ಅಕ್ಷಿಪಟಲದ ಕಾಯಿಲೆಗೆ ಕೊಡುತ್ತಿದ್ದ ಪೆಗಾಪ್ಟನಿಬ್, ಹಾಗೆ ಮಾರ್ಪಡಿಸಿದ ಆರ್‌ಎನ್‌ಎಯೇ.

ನಮ್ಮ ಕರಾವಳಿಯ ಹವೆಯೂ ಲೆಕ್ಕಕ್ಕೆ ಬರುತ್ತದೆ. ಎಲೆಕ್ಟ್ರಾನ್ ದಾಟುವ ವೇಗ ಮತ್ತು ಎಳೆಯ ಮಡಿಕೆ ಎರಡೂ ತಾಪಮಾನಕ್ಕೆ ತಕ್ಕಂತೆ ಬದಲಾಗುತ್ತವೆ. 25 ಡಿಗ್ರಿಯ ಎಸಿ ಕೋಣೆಯಲ್ಲಿ ಅಳತೆ ಹೊಂದಿಸಿದ ಪಟ್ಟಿಯನ್ನು ಏಪ್ರಿಲ್ ಸೆಕೆಯಲ್ಲಿ ಕುಂಬಳೆಯ ಶಿಬಿರದ ಪೆಂಡಾಲಿನಲ್ಲಿ ಬಳಸಿದರೆ ಅಂಕಿ ಬೇರೆಯೇ ಬರಬಹುದು. ಯಂತ್ರದಲ್ಲಿ ತಾಪಮಾನ ಅಳೆದು ಸರಿದೂಗಿಸುವ ವ್ಯವಸ್ಥೆ ಬೇಕು. ಜಡಿಮಳೆಯ ತಿಂಗಳುಗಳಲ್ಲಿ ತೇವ ಹೀರಿದರೆ ಒಣಗಿಸಿ ಇಟ್ಟ ಪದರ ಕೆಡುತ್ತದೆ, ಚಿನ್ನ ಮತ್ತು ಗಂಧಕದ ಬೆಸುಗೆಯೂ ಗಾಳಿಗೆ ವಾರಗಳಲ್ಲಿ ಸಡಿಲವಾಗುತ್ತದೆ. ಒಂದೊಂದು ಪಟ್ಟಿಗೂ ಪ್ರತ್ಯೇಕ ಲೋಹದ ಹಾಳೆಯ ಲಕೋಟೆ, ಒಳಗೆ ತೇವ ಹೀರುವ ಪೊಟ್ಟಣ ಬೇಕೇ ಬೇಕು.

ಅಂಕಿ ಕೈಗೆ ಬಂದ ಮೇಲೆ

ಪಟ್ಟಿ ಅಪ್ಪಟವಾಗಿ ಕೆಲಸ ಮಾಡಿತೆಂದೇ ಇಟ್ಟುಕೊಳ್ಳೋಣ. ಒಂದು ಶಿಬಿರಕ್ಕೆ 1,000 ಮಂದಿ ಬಂದರು, ಅವರಲ್ಲಿ 10 ಮಂದಿಗೆ ನಿಜವಾಗಿ ಕಾಯಿಲೆ ಇದೆ. ಪರೀಕ್ಷೆ ಕಾಯಿಲೆಯವರಲ್ಲಿ ಶೇ. 90ರಷ್ಟನ್ನು ಹಿಡಿಯುತ್ತದೆ, ಕಾಯಿಲೆ ಇಲ್ಲದವರಲ್ಲಿ ಶೇ. 90 ಮಂದಿಗೆ ಸರಿಯಾಗಿಯೇ ‘ಇಲ್ಲ’ ಎನ್ನುತ್ತದೆ. ಆಗ 10ರಲ್ಲಿ 9 ಮಂದಿ ಸಿಕ್ಕರು. ಉಳಿದ 990 ಮಂದಿಯಲ್ಲಿ 99 ಮಂದಿಗೆ ಸುಳ್ಳು ಎಚ್ಚರಿಕೆ. ‘ಇದೆ’ ಎಂದು ಹೇಳಿಸಿಕೊಂಡ 108 ಮಂದಿಯಲ್ಲಿ ಕಾಯಿಲೆ ಇರುವುದು 9 ಮಂದಿಗೆ, ಹನ್ನೆರಡರಲ್ಲಿ ಒಬ್ಬರಿಗೆ. ಉಳಿದವರು ಸ್ಕ್ಯಾನ್, ಬಯಾಪ್ಸಿ, ನಿದ್ದೆಯಿಲ್ಲದ ರಾತ್ರಿ ಇವಿಷ್ಟನ್ನೂ ದಾಟಿ ಬರಬೇಕು. ಶೇ. 90 ಎಂಬ ಅಂಕಿ ಕೇಳಲು ಚೆಂದ, ಶಿಬಿರದಲ್ಲಿ ಅದು ಸಾಲದು.

ಇದೇ ಪಟ್ಟಿ ನಿಜಕ್ಕೂ ಉಪಕಾರಕ್ಕೆ ಬರಬಹುದಾದ್ದು ಚಿಕಿತ್ಸೆ ಮುಗಿದವರಿಗೆ. ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ಪಿಎಸ್‌ಎ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. ಮತ್ತೆ 0.2 ನ್ಯಾನೋಗ್ರಾಂ ದಾಟಿ ಏರುತ್ತಿದ್ದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಅಲ್ಲಿ ಕಾಯಿಲೆ ಏನೆಂದು ಮೊದಲೇ ಗೊತ್ತು, ನೋಡಬೇಕಾದ್ದು ಅಂಕಿ ಏರುತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ. ಮೂರು ನಾಲ್ಕು ತಿಂಗಳಿಗೊಮ್ಮೆ ಬೆಳಗಿನ ರೈಲು ಹಿಡಿಯುವ ಕೆಲಸವನ್ನು ಊರಲ್ಲೇ ಮುಗಿಸಬಹುದು. ಸಂಶೋಧಕರು ಅತಿ ಸಣ್ಣ ಪ್ರಮಾಣವನ್ನು ಹಿಡಿಯುವ ಸೆನ್ಸರಿಗಾಗಿ ಹೆಣಗುವುದಕ್ಕೆ ಅರ್ಥವಿರುವುದೂ ಇಲ್ಲೇ, 4 ನ್ಯಾನೋಗ್ರಾಂ ಗಡಿಗೆ ಅಷ್ಟು ಸೂಕ್ಷ್ಮತೆ ಬೇಕಾಗಿಲ್ಲ.

ಗಡಿನಾಡಿನವರು ಇವತ್ತಿನ ಪರೀಕ್ಷೆಗಳಲ್ಲೇ ಪಾಲಿಸಬೇಕಾದ ಒಂದು ಕ್ರಮ ಇದಕ್ಕೆ ಸಂಬಂಧಿಸಿದ್ದು. ಬೇರೆ ಬೇರೆ ಕಂಪೆನಿಯ ಯಂತ್ರಗಳಲ್ಲಿ ಒಂದೇ ರಕ್ತದ ಪಿಎಸ್‌ಎ, ಸಿಎ-125 ಅಂಕಿಗಳು ಒಂದೇ ಆಗಿ ಬರುವುದಿಲ್ಲ, ಏಕೆಂದರೆ ಒಂದೊಂದು ಯಂತ್ರದ ಪ್ರತಿಕಾಯ ಪ್ರೋಟೀನಿನ ಬೇರೆ ಬೇರೆ ಜಾಗ ಹಿಡಿಯುತ್ತದೆ. ಒಂದು ಸಲ ಮಂಗಳೂರಿನಲ್ಲಿ, ಮುಂದಿನ ಸಲ ಕಣ್ಣೂರಿನಲ್ಲಿ ಮಾಡಿಸಿದರೆ ಅಂಕಿ ಏರಿದ್ದು ಕಾಯಿಲೆಯಿಂದಲೋ ಯಂತ್ರದಿಂದಲೋ ಎಂದು ತಿಳಿಯದು. ಸಾಧ್ಯವಾದಷ್ಟು ಒಂದೇ ಲ್ಯಾಬ್ ಇರಲಿ. ಬದಲಿಸಲೇಬೇಕಾದರೆ ರಿಪೋರ್ಟಿನಲ್ಲಿ ಪರೀಕ್ಷಾ ವಿಧಾನದ ಹೆಸರು ಇದೆಯೇ ನೋಡಿ, ಹಳೆಯ ರಿಪೋರ್ಟುಗಳ ಜೊತೆಗೇ ವೈದ್ಯರಿಗೆ ತೋರಿಸಿ. ಪ್ರಾಸ್ಟೇಟ್ ಊತಕ್ಕೆ ಫಿನಾಸ್ಟರೈಡ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಬೇಕು, ಕೆಲವು ತಿಂಗಳಲ್ಲಿ ಅದು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮುಂದೊಂದು ದಿನ ಆಪ್ಟಾಮರ್ ಪಟ್ಟಿ ಊರಿಗೆ ಬಂದಾಗಲೂ ಮೊದಲ ಒಂದೆರಡು ಸಲ ಹಳೆಯ ವಿಧಾನದಲ್ಲೂ ಹೊಸದರಲ್ಲೂ ಒಂದೇ ದಿನ ಅಳೆದು, ಎರಡರ ಅಂತರವನ್ನು ಬರೆದಿಟ್ಟುಕೊಳ್ಳಬೇಕಾಗುತ್ತದೆ.